ಗಂಡನ ಎದೆಗೆ ಹೆಂಡತಿಯ ಪದಕ

ಯುದ್ಧ ಮುಗಿದು ಇಪ್ಪತ್ತು ವರ್ಷವಾದ ಮೇಲೆ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಜ್ಞಾಪಕವಾಯಿತು, ಗೆದ್ದವರು ನಾವೇ ಎಂದು. ಅಲ್ಲಿಯವರೆಗೆ ವಿಜಯ ದಿನವಾದ ಮೇ ಒಂಬತ್ತು ಎಂದರೆ ಗಿರಣಿಯ ಸೈರನ್ ಕೂಗಿದ ಕೂಡಲೇ ಎದ್ದು ಓಡಬೇಕಾದ ಇನ್ನೊಂದು ದಿನ, ಅಷ್ಟೆ. ಆ ವರ್ಷ ರಜೆ ಸಿಕ್ಕಿತು, ಮೆರವಣಿಗೆ ಸಿಕ್ಕಿತು, ಪೆಟ್ಟಿಗೆಯ ತಳದಲ್ಲಿ ಕಪ್ಪಗಾಗಿ ಬಿದ್ದಿದ್ದ ಪದಕಗಳಿಗೂ ಮಾನ ಬಂತು. ಜರೇಚ್ನಿ ಪಟ್ಟಣದ ಅಂಗಡಿಯಲ್ಲಿ ಹಲ್ಲುಪುಡಿ ಖಾಲಿಯಾಯಿತು. ಗಂಡಸರೆಲ್ಲ ಕೊಂಡೊಯ್ದು ಪದಕ ಉಜ್ಜಿದರು. ಅವರ ಹಲ್ಲುಗಳು ಮಾತ್ರ ಎಂದಿನಂತೆ ಹಳದಿಯಾಗಿಯೇ ಉಳಿದವು.

ತೈಸಿಯಾಳ ಗಂಡ ವಲೆರ್ಯಾನ್ ಪೆತ್ರೊವಿಚ್‌ಗೆ ಉಜ್ಜಲು ಇದ್ದದ್ದು ಒಂದೇ ಒಂದು ಹಿತ್ತಾಳೆ ಬಿಲ್ಲೆ. ಜರ್ಮನಿಯನ್ನು ಗೆದ್ದದ್ದಕ್ಕೆ ಕೊಟ್ಟದ್ದು. ಸೈನ್ಯದ ಕುದುರೆಗಳನ್ನು ಬಿಟ್ಟು ಉಳಿದವರೆಲ್ಲರಿಗೂ ಅದನ್ನು ಹಂಚಿದ್ದರು. ವಲೆರ್ಯಾನ್ ಯುದ್ಧವನ್ನು ತಾಷ್ಕೆಂಟಿನಲ್ಲಿ ಮಾಡಿದವನು. ಅಲ್ಲಿ ಸೈನ್ಯದ ಬಟ್ಟೆಬರೆಯ ಗೋದಾಮಿತ್ತು, ಗೋದಾಮಿನ ಬೀಗದ ಕೈ ಇವನ ಸೊಂಟದಲ್ಲಿತ್ತು. ಇಲಿಗಳೊಡನೆ, ಉಣ್ಣೆ ತಿನ್ನುವ ನುಸಿಗಳೊಡನೆ ಅವನು ವೀರಾವೇಶದಿಂದಲೇ ಹೋರಾಡಿದ್ದ. ಜರ್ಮನರು ತಾಷ್ಕೆಂಟಿನ ತನಕ ಬರಲಿಲ್ಲ ಎಂದರೆ ಅದು ಅವನ ತಪ್ಪಲ್ಲವಲ್ಲ.

ಈಗ ಅವನು ನಾರುಬಟ್ಟೆ ಗಿರಣಿಯ ಸಭಾಭವನದ ಮೇಲ್ವಿಚಾರಕ. ಊರಿನ ಯಾವ ಸಭೆಯಲ್ಲೂ ಅವನ ಭಾಷಣ ತಪ್ಪಿದ್ದಲ್ಲ. ಯುದ್ಧದ ಬಗ್ಗೆ ಅವನು ಸುಳ್ಳು ಹೇಳಿದವನಲ್ಲ, ಆ ಮಟ್ಟಿಗೆ ಪ್ರಾಮಾಣಿಕ. "ಆ ದಿನಗಳಲ್ಲಿ ನಾವು..." ಎಂದು ಶುರು ಮಾಡಿ, ಗಂಟಲು ಕಟ್ಟಿದವನ ಹಾಗೆ ನಿಲ್ಲಿಸಿ, ಕಿಟಕಿಯ ಕಡೆ ನೋಡುತ್ತಿದ್ದ. ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳುತ್ತಿದ್ದರು, ಒಬ್ಬರು ಟ್ಯಾಂಕು, ಇನ್ನೊಬ್ಬರು ಕೈಬಾಂಬು. ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು.

ಇಷ್ಟು ಸುಸೂತ್ರವಾಗಿ ನಡೆದುಕೊಂಡು ಹೋಗುತ್ತಿದ್ದ ಬದುಕಿಗೆ ಗಿರಣಿ ಸಮಿತಿಯ ಕಾರ್ಯದರ್ಶಿ ಜುಯೆವ್ ಕಲ್ಲು ಹಾಕಿದ. ವಿಜಯ ದಿನದ ಸಭೆಯಲ್ಲಿ ವೇದಿಕೆಯ ಮೇಲೆ ಕೂರುವವರು ರಣರಂಗದಲ್ಲಿ ಪದಕ ಗಳಿಸಿದವರು ಮಾತ್ರ ಎಂದು ಮೇಲಿನಿಂದ ಆದೇಶ ಬಂದಿತ್ತಂತೆ.

"ನೀವು ಪರದೆ ನೋಡ್ಕೊಳ್ಳಿ, ವಲೆರ್ಯಾನ್ ಪೆತ್ರೊವಿಚ್," ಎಂದನಂತೆ ಜುಯೆವ್. "ಹಗ್ಗ ಎಳೆಯೋದು ನಿಮ್ಮ ಹಾಗೆ ಇನ್ನೊಬ್ರಿಗೆ ಬರಲ್ಲ."

ಅಂದು ವಲೆರ್ಯಾನ್ ಬೀಟ್‌ರೂಟ್ ಸಾರು ಮುಟ್ಟಲಿಲ್ಲ. ಕಪ್ಪು ಬ್ರೆಡ್ಡನ್ನು ಉಂಡೆ ಮಾಡುತ್ತಾ ಕೂತ. ಅವನ ತಾಯಿ ಯೆವ್ಲಾಂಪಿಯಾಗೆ ಕರುಳು ಕಿತ್ತು ಬಂತು. "ನನ್ನ ಮಗ ಹಗ್ಗ ಎಳೀಬೇಕಾ? ಆ ಊರ ಸ್ನಾನದ ಮನೆ ಒಲೆಗೆ ಸೌದೆ ಹಾಕೋ ಕುಂಟ ಸಫ್ರೋನ್ ವೇದಿಕೆ ಮೇಲೆ ಕೂತು ಕಾಲು ಚಾಚ್ಕೊಂಡಿರ್ತಾನೆ, ನನ್ನ ಮಗ ಹಗ್ಗ ಎಳೀಬೇಕಾ?"

"ಅವನು ಕಾಲು ಚಾಚೋದು ಮಂಡಿ ಮಡಚೋಕೆ ಬರದೇ ಇರೋದಕ್ಕೆ ಅತ್ತೆ," ಎಂದಳು ತೈಸಿಯಾ, ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತಾ.

"ನಿನ್ನನ್ನ ಯಾರೂ ಕೇಳ್ಲಿಲ್ಲ."

ಅದು ನಿಜವೇ. ಆ ಮನೆಯಲ್ಲಿ ತೈಸಿಯಾಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮದುವೆಯಾಗಿ ಮೊದಲ ದಿನ, ರಣರಂಗದಲ್ಲಿ ದಾದಿಯಾಗಿದ್ದ ಅವಳು ಸೈನ್ಯದ ಬೂಟು ಹಾಕಿಕೊಂಡೇ ಹೊಸ್ತಿಲ ಮೇಲೆ ನಿಂತಾಗ ಅತ್ತೆ ಕೇಳಿದ್ದೇ ಕೊನೆಯ ಪ್ರಶ್ನೆ: "ಎಷ್ಟು ಜನರ ಕಂಬಳಿ ಬೆಚ್ಚಗೆ ಮಾಡಿ ಬಂದೆಯೇ?" ಅವಳ ಎದೆಯ ಮೇಲೆ ಒಂದು ಬೆಳ್ಳಿ ಪದಕವಿತ್ತು. ದುಂಡಗೆ, ಅಂಗೈಯಲ್ಲಿ ಮುಚ್ಚುವಷ್ಟು, ಮೇಲೆ ಪುಟ್ಟ ವಿಮಾನಗಳು, ಕೆಳಗೆ ಟ್ಯಾಂಕು, ನಡುವೆ ಕೆಂಪಕ್ಷರದಲ್ಲಿ 'ಶೌರ್ಯಕ್ಕಾಗಿ'. ಅದನ್ನು ನೋಡಿ ಯೆವ್ಲಾಂಪಿಯಾ, "ಅದನ್ನ ತೆಗೆದಿಟ್ಟು ಒಳಗೆ ಬಾ. ಅಕ್ಕಪಕ್ಕದೋರು ನೋಡಿದ್ರೆ ನಮ್ಮ ಮಾನ ಹೋಗತ್ತೆ," ಎಂದಿದ್ದಳು.

ಮುದುಕಿಯೊಬ್ಬಳದೇ ಅಲ್ಲ, ಆಗ ದೇಶದ ಬುದ್ಧಿಯೇ ಹಾಗಿತ್ತು. ರಣರಂಗದಿಂದ ಮರಳಿದ ಗಂಡಸು ವೀರ. ಮರಳಿದ ಹೆಂಗಸು ಎಂಥವಳೋ ಏನೋ. ಅವನ ಎದೆಯ ಪದಕ ಗುಂಡಿಗೆ ಎದೆಕೊಟ್ಟದ್ದಕ್ಕೆ, ಅವಳ ಎದೆಯ ಪದಕ ಯಾವುದಕ್ಕೆಂದು ಊರಿಗೆ ಊರೇ ಕಣ್ಣು ಮಿಟುಕಿಸುತ್ತಿತ್ತು. ತೈಸಿಯಾ ಪದಕವನ್ನು ಬಿಚ್ಚಿ ಗುಂಡಿಗಳನ್ನು ಹಾಕುವ ತಗಡಿನ ಡಬ್ಬಿಯಲ್ಲಿ ಹಾಕಿದಳು. ಆಮೇಲೆ ಅವರು ಜರೇಚ್ನಿಗೆ ಬಂದು ನೆಲೆಸಿದರು. ಇಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಗಿರಣಿಯ ಊಟದ ಮನೆಯಲ್ಲಿ ಎಲೆಕೋಸು ಹೆಚ್ಚುವ ಗಟ್ಟಿಗಿತ್ತಿ, ನಡತೆಯಲ್ಲಿ ಬಂಗಾರ ಎಂದು ಹೆಸರಾಯಿತು. ಆ ಹೆಸರನ್ನು ಅವಳು ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಸಂಪಾದಿಸಿದ್ದಳು. ಅದನ್ನು ಕಳೆದುಕೊಳ್ಳುವ ಭಯ ಅವಳಿಗೆ ಯುದ್ಧದ ಭಯಕ್ಕಿಂತ ದೊಡ್ಡದಾಗಿತ್ತು. ಗುಂಡು ಒಂದು ಸಲ ತಾಕುತ್ತದೆ. ಬೀದಿಯ ಹೆಂಗಸರು ದಿನಾ ನಲ್ಲಿಯ ಹತ್ತಿರ ಸಿಗುತ್ತಾರೆ.

ವಲೆರ್ಯಾನ್‌ಗೆ ಡಬ್ಬಿಯ ನೆನಪು ಬಂದದ್ದು ಮರುದಿನ, ಅಂಗಿಯ ಗುಂಡಿ ಕಿತ್ತುಹೋದಾಗ. ಗುಂಡಿ ಹುಡುಕಲು ಹೋದವನು ಪದಕ ಹಿಡಿದು ಬಂದ. ಕಣ್ಣಲ್ಲಿ ಬೆಳಕು.

"ತಾಸ್ಯಾ," ಎಂದ, ಮದುವೆಯಾದ ಹೊಸತರಲ್ಲಿ ಕರೆಯುತ್ತಿದ್ದ ಹಾಗೆ. "ಇದು ಸುಮ್ನೆ ಬಿದ್ದಿದೆಯಲ್ಲ."

"ಬಿದ್ದಿದ್ರೆ ಬಿದ್ದಿರ್ಲಿ."

"ಒಂದು ದಿನದ ಮಟ್ಟಿಗೆ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. "ನಂದನ್ನ ನೀನು ಹಾಕ್ಕೊಳ್ತೀಯಾ? ನನ್ನ ಪೆಟಿಕೋಟೂ ಬೇಕಾ?"

"ನೋಡಮ್ಮ, ಹ್ಯಾಗೆ ಮಾತಾಡ್ತಾಳೆ!" ಎಂದು ವಲೆರ್ಯಾನ್ ತಾಯಿಯ ಕಡೆ ತಿರುಗಿದ.

ಯೆವ್ಲಾಂಪಿಯಾ ಪದಕವನ್ನು ಮಗನ ಕೈಯಿಂದ ತೆಗೆದುಕೊಂಡು, ಸೆರಗಿನಂತೆ ಇಳಿಬಿದ್ದಿದ್ದ ತನ್ನ ತಲೆವಸ್ತ್ರದ ತುದಿಯಿಂದ ಒರೆಸಿ, ಅವನ ಕೋಟಿನ ಮೇಲಿಟ್ಟು ನೋಡಿದಳು. ಇಪ್ಪತ್ತು ವರ್ಷ ಆ ವಸ್ತುವನ್ನು ಮನೆಯ ಮೈಲಿಗೆ ಎಂದವಳು ಅವಳೇ. "ಎಷ್ಟು ಚೆನ್ನಾಗಿ ಒಪ್ಪತ್ತೆ!" ಎಂದಳು. "ಇವಳ ಎದೆ ಮೇಲಿದ್ರೆ ನಾಚಿಕೆ. ನನ್ನ ಮಗನ ಎದೆ ಮೇಲಿದ್ರೆ ಅದಕ್ಕೂ ಒಂದು ಮರ್ಯಾದೆ."

ತೈಸಿಯಾ ಯೋಚಿಸಿದಳು. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಪದಕ ಗಂಡನ ಎದೆಗೆ ಏರಿಬಿಟ್ಟರೆ ಅದು ಎಂದೆಂದಿಗೂ ಅವನದೇ. ಡಬ್ಬಿಯಲ್ಲಿ ಯಾರೋ ಕಂಡಾರು ಎಂಬ ಹೆದರಿಕೆ ಇಲ್ಲ, ಯಾರದು ಎಂಬ ಪ್ರಶ್ನೆ ಇಲ್ಲ. ಅವಳ ಹೆಸರು ಶಾಶ್ವತವಾಗಿ ಎಲೆಕೋಸಿನ ಜೊತೆಗೇ ಉಳಿಯುತ್ತದೆ. "ತಗೋ," ಎಂದಳು. "ನಂಗೇನು, ಅದನ್ನ ಹಾಕ್ಕೊಂಡು ಈರುಳ್ಳಿ ಹೆಚ್ಚಬೇಕಾ?"

"ಹೇಗೆ ಸಿಕ್ತು ಅಂತಲೂ ಹೇಳ್ಬೇಕಲ್ಲ," ಎಂದ ವಲೆರ್ಯಾನ್. "ಜನ ಕೇಳ್ತಾರೆ."

"ಗಾಯ ಆದೋರನ್ನ ಎಳ್ಕೊಂಡು ಬಂದಿದ್ದಕ್ಕೆ. ರ್ಜೆವ್ ಹತ್ರ, ಚಳಿಗಾಲ. ಡೇರೆ ಬಟ್ಟೆ ಮೇಲೆ ಮಲಗಿಸಿ ಎಳೀತಿದ್ವಿ. ನಡುವೆ ಹೆಪ್ಪುಗಟ್ಟಿದ ಹೊಳೆ..."

"ಸಾಕು, ಸಾಕು. ಹೊಳೆ ಚೆನ್ನಾಗಿದೆ." ಅವನು ಆಗಲೇ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ತುಟಿ ಅಲುಗಿಸತೊಡಗಿದ್ದ. ನಾಲ್ಕು ದಿನದಲ್ಲಿ ಹೊಳೆ ಅಗಲವಾಯಿತು, ಗಾಯಾಳುಗಳು ಹೆಚ್ಚಾದರು, ಆಕಾಶದಲ್ಲಿ ಎರಡು ವಿಮಾನಗಳು ಕಾಣಿಸಿಕೊಂಡವು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಜುಯೆವ್ ಕೇಳಿದ್ದಕ್ಕೆ ವಲೆರ್ಯಾನ್ ತಲೆ ತಗ್ಗಿಸಿ, "ಹೇಳಿಕೊಳ್ಳುವಂಥದ್ದೇನಿದೆ, ಕಾಮ್ರೇಡ್?" ಎಂದನಂತೆ. ಜುಯೆವ್ ಕಣ್ಣಲ್ಲಿ ನೀರು ತಂದುಕೊಂಡು ವೇದಿಕೆಯ ನಡುವಿನ ಕುರ್ಚಿಯನ್ನೇ ಕೊಟ್ಟ. ವಿನಯಕ್ಕೆ ನಮ್ಮ ದೇಶದಲ್ಲಿ ಅಷ್ಟು ಬೆಲೆ.

ಸಭೆಯ ದಿನ ಮಧ್ಯಾಹ್ನಕ್ಕೇ ಭವನ ತುಂಬಿತು. ವೇದಿಕೆಯ ಮೇಲೆ ಕೆಂಪು ಬಟ್ಟೆ ಹೊದಿಸಿದ ಉದ್ದನೆಯ ಮೇಜು, ಗಾಜಿನ ಹೂಜಿ, ಅದರ ಹಿಂದೆ ಪದಕ ತೊಟ್ಟ ಗಂಡಸರ ಸಾಲು. ತುದಿಯಲ್ಲಿ ಸಫ್ರೋನ್ ಯಾರದೋ ಎರವಲು ಕೋಟಿನಲ್ಲಿ, ಮಡಚದ ಕಾಲನ್ನು ಮುಂದೆ ಚಾಚಿಕೊಂಡು ಕೂತಿದ್ದ. ನಡುವೆ ವಲೆರ್ಯಾನ್. ಅವನ ಪದಕ ಎಲ್ಲರದ್ದಕ್ಕಿಂತ ಹೆಚ್ಚು ಹೊಳೆಯುತ್ತಿತ್ತು, ಯೆವ್ಲಾಂಪಿಯಾ ಅದನ್ನು ನಾಲ್ಕು ದಿನ ಉಜ್ಜಿದ್ದಳಲ್ಲವೇ. ಮೊದಲ ಸಾಲಿನಲ್ಲಿ ಯೆವ್ಲಾಂಪಿಯಾ ಹೊಸ ತಲೆವಸ್ತ್ರ ಕಟ್ಟಿಕೊಂಡು, ಆಚೀಚೆ ಕೂತವರ ಮೊಣಕೈ ತಿವಿದು, "ನನ್ನ ಮಗ," ಎನ್ನುತ್ತಿದ್ದಳು. ತೈಸಿಯಾ ಏಪ್ರನ್ ಕಟ್ಟಿಕೊಂಡು ಪಕ್ಕದ ಬಾಗಿಲ ಬಳಿ ಹೆರಿಂಗ್ ಮೀನಿನ ತುಂಡುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. ಸಭೆಯ ನಂತರ ವೀರರಿಗೆ ಹಸಿವಾಗುತ್ತದೆ.

ವಲೆರ್ಯಾನ್ ಎದ್ದ. ಅವನಿಗೆ ಮಾತಾಡಲು ಬರುತ್ತಿತ್ತು, ಅದನ್ನು ಒಪ್ಪಲೇಬೇಕು. ಚಳಿ ಎಂದರೆ ಸಭೆಯವರು ಕೋಟು ಬಿಗಿಮಾಡಿಕೊಂಡರು. ಹೊಳೆ ಎಂದರೆ ಮಂಜುಗಡ್ಡೆ ಬಿರಿದ ಸದ್ದು ಕೇಳಿಸಿತು. ಗಾಯಾಳುವನ್ನು ಬೆನ್ನ ಮೇಲೆ ಹೊತ್ತು ತೆವಳಿದ್ದನ್ನು ಹೇಳುವಾಗ ಅವನು ನಿಜವಾಗಿಯೂ ಮುಂದಕ್ಕೆ ಬಾಗಿ ಏದುಸಿರು ಬಿಟ್ಟ. ನಡುವೆ ಒಮ್ಮೆ ತೈಸಿಯಾಳಿಗೇ ಅನುಮಾನ ಬಂತು, ಇವನೂ ಅಲ್ಲಿದ್ದನೇ ಎಂದು.

"ಮತ್ತೆ ಕೋವಿ?" ಎಂದ ಸಫ್ರೋನ್.

ಅವನಿಗೆ ಕೆಡುಕೇನೂ ಮನಸ್ಸಿನಲ್ಲಿರಲಿಲ್ಲ. ಕತೆಯ ಒಳಗೆ ಹೊಕ್ಕಿದ್ದವನು ತಡೆಯಲಾರದೆ ಕೇಳಿದ್ದ.

"ಯಾವ ಕೋವಿ?"

"ಗಾಯ ಆದೋನ್ದು. ಅವನನ್ನ ಬೆನ್ನ ಮೇಲೆ ಹಾಕ್ಕೊಂಡ್ರೆ ಕೋವಿ ಹ್ಯಾಗೆ ತಂದೆ?"

ತಾಷ್ಕೆಂಟಿನ ಗೋದಾಮಿನಲ್ಲಿ ಒಂದು ಕಾಲುಚೀಲ ಕಡಿಮೆಯಾದರೂ ಇಡೀ ದಿನ ಹುಡುಕುತ್ತಿದ್ದವನಿಗೆ ಕೋವಿಯ ಯೋಚನೆಯೇ ಬಂದಿರಲಿಲ್ಲ. ಆದರೆ ಮಾತುಗಾರನಿಗೆ ಮಾತೇ ದಾರಿ. ಎದೆಯುಬ್ಬಿಸಿ, ಕೈ ಮೇಲೆತ್ತಿದ.

"ಕೋವಿಯನ್ನು ನಾನು ಹಿಮದಲ್ಲಿ ಬಿಸಾಡಿದೆ, ಕಾಮ್ರೇಡ್! ಅಲ್ಲೇ ಬಿಸಾಡಿದೆ! ಕಬ್ಬಿಣ ಇನ್ನೊಂದು ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ!"

ಭವನ ಚಪ್ಪಾಳೆಯಿಂದ ನಡುಗಿತು. ಹೆಂಗಸರು ಅತ್ತರು. ಯೆವ್ಲಾಂಪಿಯಾ ಎಲ್ಲರಿಗಿಂತ ಜೋರಾಗಿ ಅತ್ತಳು. ಜುಯೆವ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ವೇದಿಕೆಯ ಮೇಲಿನ ಸಾಲು ಮಾತ್ರ ತಟ್ಟಲಿಲ್ಲ. ಅಲ್ಲಿದ್ದ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆಮೇಲೆ ಎಲ್ಲರೂ ವಲೆರ್ಯಾನ್ ಎದೆಯ ಮೇಲಿನ ಪದಕವನ್ನು ನೋಡಿದರು.

"ಬಿಸಾಡಿದ್ರೆ ಪದಕ ಯಾವುದಕ್ಕೆ ಕೊಟ್ರು?" ಎಂದ ಸಫ್ರೋನ್, ಚಪ್ಪಾಳೆ ಇಳಿದ ಮೇಲೆ. "ಕೋವಿ ತರದೇ ಇದ್ರೆ ಗಾಯಾಳುವನ್ನ ಲೆಕ್ಕಕ್ಕೇ ಹಿಡೀತಿರ್ಲಿಲ್ವಲ್ಲಯ್ಯಾ. ಆಳು, ಆಳಿನ ಜೊತೆ ಆಯುಧ, ಎರಡೂ ಇದ್ರೆ ಒಂದು ಅಂತ ಬರ್ಕೊಳ್ತಿದ್ರು. ನನ್ನನ್ನ ಎಳ್ಕೊಂಡು ಬಂದ ಹುಡುಗಿ ನನ್ನ ಮೆಷಿನ್‌ಗನ್ನೂ ಎಳ್ಕೊಂಡು ಬಂದ್ಲು. ದಾರಿಯುದ್ದಕ್ಕೂ ನನ್ನನ್ನ ಬೈದ್ಲು, ಇದಕ್ಕಿಂತ ಹಗುರವಾದ್ದು ಹಿಡ್ಕೊಂಡು ಸಾಯೋಕೆ ಆಗ್ಲಿಲ್ವಾ ಅಂತ. ಮಂಡಿ ಒಡೆದುಹೋಗಿದ್ರೂ ನಂಗೆ ನಗು. ನೀನು ಯಾವ ಯುದ್ಧದಲ್ಲಿದ್ದೆ?"

ಸಭೆಯಲ್ಲಿ ಗುಜುಗುಜು ಎದ್ದಿತು. ಜುಯೆವ್ ಪೆನ್ಸಿಲ್ಲಿನಿಂದ ಹೂಜಿಗೆ ಬಡಿದ. "ಕಾಮ್ರೇಡ್ಸ್, ಕೋವಿಯ ವಿಚಾರ ಇವತ್ತು ಬೇಡ. ಮಾನವೀಯತೆಯ ವಿಚಾರ ಮಾತಾಡ್ತಿದೀವಿ." ಎಂದು ಬ್ಯಾಂಡಿನವರಿಗೆ ಕೈ ಸನ್ನೆ ಮಾಡಿದ. ಬ್ಯಾಂಡಿನವನು ಕಹಳೆ ತುಟಿಗಿಟ್ಟ.

ಅಲ್ಲಿಗೆ ಮುಗಿದುಹೋಗುತ್ತಿತ್ತು. ಬ್ಯಾಂಡು ಬಾರಿಸುತ್ತಿತ್ತು, ಮೀನು ಹಂಚುತ್ತಿದ್ದರು, ಎರಡು ಲೋಟ ಒಳಗೆ ಹೋದ ಮೇಲೆ ಸಫ್ರೋನ್ ಕೂಡ ಮರೆಯುತ್ತಿದ್ದ. ತೈಸಿಯಾ ಮಾಡಬೇಕಾಗಿದ್ದದ್ದು ಒಂದೇ, ಸುಮ್ಮನಿರುವುದು. ಇಪ್ಪತ್ತು ವರ್ಷದಲ್ಲಿ ಅದು ಅವಳಿಗೆ ಉಸಿರಾಡಿದಷ್ಟು ಸಲೀಸಾಗಿತ್ತು. ಪದಕ ಹೋಗಲಿ, ಹೊಳೆ ಹೋಗಲಿ, ಎರಡು ವಿಮಾನ ಬೇಕಾದರೆ ಮೇಲೆ ಹಾಕಿಕೊಡಲೂ ಅವಳು ತಯಾರಿದ್ದಳು. ಆದರೆ 'ಕಬ್ಬಿಣ ಇನ್ನೊಂದು ಸಿಗುತ್ತದೆ, ಮನುಷ್ಯ ಸಿಗುವುದಿಲ್ಲ' ಎಂಬ ಮಾತು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಎಷ್ಟು ಸುಲಭವಾಗಿ ಹೇಳಿಬಿಟ್ಟ! ಬೆಚ್ಚಗಿನ ಭವನದಲ್ಲಿ ನಿಂತು, ಒಂದೇ ಉಸಿರಿಗೆ, ಅವಳು ಹತ್ತೊಂಬತ್ತರ ವಯಸ್ಸಿನಲ್ಲಿ ಹೇಳಲಾರದೆ ಹೋದದ್ದನ್ನು!

"ತಂದಿದ್ದೆ," ಎಂದಳು.

ಜನ ತಿರುಗಿ ನೋಡಿದರು. ಕಹಳೆಯವನು ಊದದೆ ನಿಂತ.

"ಕೋವಿ ತಂದಿದ್ದೆ. ಆ ದಿನ ಒಂದನ್ನೂ ಬಿಟ್ಟಿರ್ಲಿಲ್ಲ." ತೈಸಿಯಾ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಆ ಪದಕ ನಂದು, ಸಫ್ರೋನ್. ಇವ್ರು ತಾಷ್ಕೆಂಟಲ್ಲಿದ್ರು."

ಮೊದಲ ಸಾಲಿನಿಂದ ಯೆವ್ಲಾಂಪಿಯಾ, "ಬಾಯಿ ಮುಚ್ಚೇ! ಮಾನ ಕಳೀತಾಳಲ್ಲಪ್ಪಾ!" ಎಂದು ಚೀರಿದಳು. ಹಿಂದಿನಿಂದ ಒಂದು ಗಂಡು ದನಿ "ಓಹೋ!" ಎಂದಿತು. ಆ 'ಓಹೋ'ದ ಅರ್ಥ ಏನೆಂದು ತೈಸಿಯಾಳಿಗೆ ಗೊತ್ತಿತ್ತು. ನಾಳೆಯಿಂದ ನಲ್ಲಿಯ ಹತ್ತಿರ ಅದನ್ನೇ ಕೇಳಬೇಕು ಎಂದೂ ಗೊತ್ತಿತ್ತು. ಆದರೆ ಹೊರಬಿದ್ದ ಮಾತನ್ನು ಅರ್ಧಕ್ಕೆ ನಿಲ್ಲಿಸಲು ಅವಳಿಗೆ ಇಷ್ಟವಾಗಲಿಲ್ಲ.

"ಹಿಂದಿನ ದಿನ ನಾನು ಒಬ್ಬನನ್ನ ಕೋವಿ ಇಲ್ದೆ ತಂದಿದ್ದೆ," ಎಂದಳು. "ನಮ್ಮ ತುಕಡಿ ಸಾಹೇಬ್ರು ಎಲ್ಲರ ಮುಂದೆ ಉಗಿದ್ರು. ಸರ್ಕಾರದ ಸ್ವತ್ತನ್ನ ಜರ್ಮನರಿಗೆ ದಾನ ಮಾಡಿ ಬಂದ್ಯಾ ಅಂದ್ರು. ಮರುದಿನ ಹೊಳೆ ಹತ್ರ ಒಬ್ಬ ಹುಡುಗ ಸಿಕ್ದ. ಹೊಟ್ಟೆಗೆ ಏಟು ಬಿದ್ದಿತ್ತು. ಈ ದಡಕ್ಕೆ ಎಳೆದು ತಂದೆ. ನೋಡಿದ್ರೆ ಅವನ ಕೋವಿ ಆ ದಡದಲ್ಲೇ ಉಳಿದಿದೆ. ತಂಗೀ ಹೋಗ್ಬೇಡ, ಹೋಗ್ಬೇಡ ಅಂತ ನನ್ನ ತೋಳು ಹಿಡ್ಕೊಂಡ. ನಾನು ಅವನ ಬೆರಳು ಬಿಡಿಸಿ ಹೋದೆ. ತೆವಳ್ಕೊಂಡು ಹೋಗಿ, ಕೋವಿ ತಗೊಂಡು, ತೆವಳ್ಕೊಂಡು ಬಂದೆ. ಬರೋವಷ್ಟರಲ್ಲಿ ಹಿಮ ಅವನ ಕಣ್ಣೊಳಗೆ ಬೀಳ್ತಿತ್ತು. ಕರಗ್ತಿರ್ಲಿಲ್ಲ."

ಯೆವ್ಲಾಂಪಿಯಾಳ ಅಳು ನಡುವೆ ನಿಂತುಹೋಗಿತ್ತು.

"ಕೋವಿ ಒಪ್ಪಿಸಿದೆ. ಅದರ ನಂಬರ್ ಕೇಳಿ ಬರ್ಕೊಂಡ್ರು, ಶಭಾಷ್ ಅಂದ್ರು. ಹುಡುಗನ ಹೆಸರು ಯಾರೂ ಕೇಳ್ಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಪದಕ ಬಂತು."

ವಲೆರ್ಯಾನ್ ಬೆವೆತುಹೋಗಿದ್ದ. ಪದಕದ ಪಿನ್ನು ಬಿಚ್ಚಲು ನೋಡಿದ. ಅದು ಅವನ ಕೋಟಿಗೆ ಭದ್ರವಾಗಿ ಚುಚ್ಚಿಕೊಂಡು ಕೂತಿತ್ತು, ಬರಲಿಲ್ಲ. "ತಗೋ ತಾಸ್ಯಾ," ಎಂದ ಸಣ್ಣ ದನಿಯಲ್ಲಿ. "ತಗೊಂಡುಬಿಡು."

ಸಫ್ರೋನ್ ಮೇಜು ಹಿಡಿದು ಎದ್ದ. ಮಡಚದ ಕಾಲನ್ನು ಎಳೆದುಕೊಂಡು ಪಕ್ಕಕ್ಕೆ ಸರಿದು, ತನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟು, "ಬಾ ತಂಗೀ, ಇಲ್ಲಿ ಕೂತ್ಕೋ," ಎಂದ. ಸಾಲಿನ ಉಳಿದ ಗಂಡಸರೂ ಒಬ್ಬೊಬ್ಬರಾಗಿ ಎದ್ದು ನಿಂತರು. ಗಾಯಾಳುಗಳ ಹಾಗೆ ತಂಗೀ ಎಂದು ಅವಳನ್ನು ಗಂಡಸೊಬ್ಬ ಕರೆದು ಎಷ್ಟೋ ವರ್ಷವಾಗಿತ್ತು. ತೈಸಿಯಾಳ ಕಣ್ಣು ತುಂಬಿತು, ಅದನ್ನು ಅವಳು ಮುಚ್ಚಿಡಲೂ ಹೋಗಲಿಲ್ಲ.

ಅವಳು ಮೆಟ್ಟಿಲು ಹತ್ತಿ ವೇದಿಕೆಗೆ ಬಂದಳು. ಗಂಡನ ಮುಂದೆ ನಿಂತು, ಇನ್ನೂ ಪಿನ್ನಿನೊಡನೆ ಗುದ್ದಾಡುತ್ತಿದ್ದ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದಳು.

"ಬಿಡು, ಬಟ್ಟೆ ಹರಿದೀತು. ಇಷ್ಟಪಟ್ಟು ಹಾಕ್ಕೊಂಡಿದೀಯ, ನೀನೇ ಇಟ್ಕೋ," ಎಂದಳು. "ಇನ್ಮೇಲೆ ಯಾರಾದ್ರೂ ಕೋವಿ ಎಲ್ಲಿ ಅಂತ ಕೇಳಿದ್ರೆ, ತಂದೆ ಅನ್ನು. ಹುಡುಗ ಎಲ್ಲಿ ಅಂತ ಕೇಳಿದ್ರೆ ಏನು ಹೇಳ್ಬೇಕು ಅಂತ ನೀನೇ ಯೋಚ್ನೆ ಮಾಡು. ನಿಂಗೆ ಮಾತು ಬರತ್ತಲ್ಲ. ನಂಗೆ ಇಷ್ಟು ವರ್ಷದಿಂದ ಹೊಳೀತಿಲ್ಲ."

ಹಾಗೆಂದು, ಏಪ್ರನ್ ಬಿಚ್ಚದೆಯೇ, ಸಫ್ರೋನ್ ಬಿಟ್ಟುಕೊಟ್ಟ ಕುರ್ಚಿಯಲ್ಲಿ ಹೋಗಿ ಕೂತಳು.